ದೊರೆಯ ಮೂರು ಡಬ್ಬಿ

ಫೆಬ್ರವರಿ ೧೧

ಅತ್ತೆಯವರಿಗೆ,

ಬಂದು ಸೇರಿದ್ದೇನೆ. ಶಿಬಿರ ಬೆಟ್ಟದ ಮಗ್ಗುಲಲ್ಲಿದೆ. ರೈಲಿಗಾಗಿ ಸುರಂಗ ಕೊರೆಯುತ್ತಿದ್ದಾರೆ. ಕೊರೆದು ತೆಗೆದ ಉದ್ದುದ್ದ ಕಲ್ಲಿನ ತುಂಡುಗಳನ್ನು ಅಳೆದು, ಬಿರುಕು ಎಣಿಸಿ, ಪೆಟ್ಟಿಗೆಯಲ್ಲಿ ಜೋಡಿಸಿ ಬರೆದಿಡುವುದು ನನ್ನ ಕೆಲಸ. ಫೋನಿಗೆ ಇಲ್ಲಿ ಸಿಗ್ನಲ್ ಇಲ್ಲ. ಹೇಗೂ ಫೋನಿನಲ್ಲಿ ನಿಮಗೆ ಅರ್ಧ ಮಾತೇ ಕೇಳಿಸುವುದು. ಹದಿನೈದು ದಿನಕ್ಕೊಮ್ಮೆ ಸಾಮಾನಿನ ಲಾರಿ ಬರುತ್ತದೆ; ಅದರ ಡ್ರೈವರೇ ನಮ್ಮ ಅಂಚೆಯವನು.

ಹೊರಡುವ ಗಡಿಬಿಡಿಯಲ್ಲಿ ದೊರೆಯ ವಿಷಯ ನೆಟ್ಟಗೆ ಹೇಳಲಾಗಲಿಲ್ಲ. ಒಂದು ದಿನ ಬಿಟ್ಟು ಒಂದು ದಿನ ನಾಲ್ಕೈದು ಮಿಡತೆ ಸಾಕು. ಮಿಡತೆಗಳನ್ನು ಚೀಲಕ್ಕೆ ಹಾಕಿ, ಚಿಟಿಕೆ ಪುಡಿ ಉದುರಿಸಿ, ಅಲುಗಾಡಿಸಿ ಬಿಡಿ. ಬಿಳಿ ಮುಚ್ಚಳದ ಡಬ್ಬಿಯಲ್ಲಿ ಬರೀ ಕ್ಯಾಲ್ಸಿಯಂ ಇದೆ; ಅದು ಪ್ರತಿ ಸಲ. ಹಳದಿ ಮುಚ್ಚಳದ್ದರಲ್ಲಿ ಕ್ಯಾಲ್ಸಿಯಂ ಜೊತೆ ಡಿ ವಿಟಮಿನ್. ತಿಂಗಳಿಗೆ ಎರಡೇ ಸಲ. ಕೆಂಪು ಮುಚ್ಚಳದ್ದು ಉಳಿದ ಎಲ್ಲ ವಿಟಮಿನ್‌ಗಳದ್ದು. ಅದೂ ತಿಂಗಳಿಗೆ ಎರಡು ಸಲ, ಹಳದಿ ಹಾಕದ ವಾರದಲ್ಲಿ. ಹೆಚ್ಚಾದರೆ ಅದಕ್ಕೆ ವಿಷವಾಗುತ್ತದೆ.

ಗೂಡಿನ ಮೇಲಿನ ದೀಪದ ಚಿಂತೆ ಬೇಡ. ಅದನ್ನು ಮುಟ್ಟಬೇಡಿ.

ಹತ್ತು ತಿಂಗಳ ಕೆಲಸ. ಅಷ್ಟು ದಿನ ಅದನ್ನು ನಿಮ್ಮ ತಲೆಗೆ ಕಟ್ಟಿದ್ದಕ್ಕೆ ಕ್ಷಮೆ ಇರಲಿ.

ನಿಮ್ಮ ಸೊಸೆ

•

ಮಾರ್ಚ್ ೩

ಸೊಸೆಗೆ,

ನಿನ್ನ ಪತ್ರ ತಲುಪಲು ಹದಿನೆಂಟು ದಿನ ಹಿಡಿಯಿತು. ಅಷ್ಟರಲ್ಲಿ ಡಬ್ಬಿಗಳ ಮೇಲಿರುವುದನ್ನು ನಾನೇ ಓದಿಕೊಂಡಿದ್ದೆ. ಮೂವತ್ತೆಂಟು ವರ್ಷ ಔಷಧಿ ಅಂಗಡಿಯಲ್ಲಿ ಕಾಂಪೌಂಡರ್ ಆಗಿ ಪುಡಿ ತೂಗಿ ಪೊಟ್ಟಣ ಕಟ್ಟಿದವಳಿಗೆ ಚಿಟಿಕೆ ಎಂದರೆ ಎಷ್ಟು ಎಂದು ಹೇಳಿಕೊಡಬೇಕಾಗಿಲ್ಲ. ಚಿಟಿಕೆ ಎನ್ನುವುದು ಅಳತೆಯೇ ಅಲ್ಲ. ನನ್ನ ಹಳೆಯ ಸಣ್ಣ ತಕ್ಕಡಿ ಹೊರತೆಗೆದಿದ್ದೇನೆ.

ಜನರನ್ನು ಗೋಸುಂಬೆ ಎಂದು ಬೈಯುವುದನ್ನು ಕೇಳಿದ್ದೆ. ಅದನ್ನು ಸಾಕುವುದನ್ನು ನನ್ನ ಮಗನಿಂದಲೇ ಕಂಡದ್ದು. ಅದಕ್ಕೆ ದೊರೆ ಎಂದು ಹೆಸರಿಟ್ಟಿದ್ದೂ ಅವನೇ ಇರಬೇಕು. ತಲೆಯ ಮೇಲೆ ಕಿರೀಟದ ಹಾಗೆ ಒಂದು ಎಲುಬಿದೆ ಎಂಬುದನ್ನು ಬಿಟ್ಟರೆ ರಾಜಲಕ್ಷಣವೇನೂ ಕಾಣಲಿಲ್ಲ. ಒಂದು ಕಣ್ಣಿನಿಂದ ನನ್ನನ್ನು, ಇನ್ನೊಂದರಿಂದ ಗೋಡೆಯನ್ನು ನೋಡುತ್ತದೆ. ಎರಡಕ್ಕೂ ಒಂದೇ ಮರ್ಯಾದೆ.

ಮಿಡತೆ ಮುಟ್ಟಲು ನನಗೆ ಹೇಸಿಗೆಯಿಲ್ಲ. ಅಂಗಡಿಯಲ್ಲಿ ಜಿಗಣೆಗಳನ್ನೇ ಸಾಕಿದವಳು.

ನೀನು ಅದನ್ನು ನನ್ನ ತಲೆಗೆ ಕಟ್ಟಿದ್ದಕ್ಕೆ ಕ್ಷಮೆ ಕೇಳಿದ್ದೀಯ. ಅದರಿಂದ ಕಳಚಿಕೊಳ್ಳಲು ನಿನಗೊಂದು ನೆಪ ಬೇಕಿತ್ತು, ಕೆಲಸ ಸಿಕ್ಕಿತು. ನಾನೇನೂ ತಪ್ಪು ಎನ್ನುತ್ತಿಲ್ಲ.

ಅತ್ತೆ

•

ಮಾರ್ಚ್ ೨೦

ಅತ್ತೆಯವರಿಗೆ,

ಕಳಚಿಕೊಂಡಿಲ್ಲ. ಇಲ್ಲಿ ಧೂಳು, ಸಿಡಿಮದ್ದಿನ ಸದ್ದು, ಬೆಳಗಿನ ಕೊರೆಯುವ ಚಳಿ. ಇಲ್ಲಿಗೆ ತಂದರೆ ಅದು ವಾರ ಬದುಕುವುದಿಲ್ಲ. ಅಷ್ಟೇ ಕಾರಣ.

ತಕ್ಕಡಿ ತೆಗೆದದ್ದು ಒಳ್ಳೆಯದಾಯಿತು. ಬಿಳಿ ಡಬ್ಬಿ ಮುಗಿಯುತ್ತಾ ಬಂದಿರಬೇಕು. ಅದೇ ಕಂಪನಿಯದು ಸಿಗದಿದ್ದರೆ ಬೇರೆಯದು ತರಬಹುದು. ಆದರೆ ಎರಡು ವಿಷಯ ನೋಡಿ. ಅದರಲ್ಲಿ ಡಿ ಇರಬಾರದು, ರಂಜಕ ಇರಬಾರದು. ಪುಡಿ ಹಿಟ್ಟಿನಷ್ಟು ನುಣ್ಣಗಿರಬೇಕು. ತರಿಯಾದರೆ ಮಿಡತೆಗೆ ಅಂಟುವುದಿಲ್ಲ.

ಇಲ್ಲಿ ಸುರಂಗಕ್ಕೆ ನೀರು ನುಗ್ಗಿ ಮೂರು ದಿನ ಕೆಲಸ ನಿಂತಿತ್ತು. ನೀರೆತ್ತುವ ಪಂಪುಗಳನ್ನು ನೋಡಿಕೊಳ್ಳುವವರೊಬ್ಬರಿದ್ದಾರೆ. ಆ ಮೂರು ದಿನವೂ ಅವರು ಮಲಗಲಿಲ್ಲ. ಕಲ್ಲು ಈಗ ಬೂದು ಬಣ್ಣಕ್ಕೆ ತಿರುಗಿದೆ, ಸುಣ್ಣಕಲ್ಲು. ಬೆಟ್ಟವೆಲ್ಲ ಅದೇ.

ದೊರೆ ಮೇಲಿನ ಕೊಂಬೆಗೆ ಹತ್ತುತ್ತದೆಯೇ? ನಾಲಿಗೆ ಎಷ್ಟು ದೂರ ಚಾಚುತ್ತದೆ? ಬರೆಯಿರಿ.

ನಿಮ್ಮ ಸೊಸೆ

•

ಏಪ್ರಿಲ್ ೧೨

ಸೊಸೆಗೆ,

ಬೆಟ್ಟದಷ್ಟು ಸುಣ್ಣದ ಮೇಲೆ ಕೂತು ನನಗೆ ಸುಣ್ಣದ ಡಬ್ಬಿ ಕೊಳ್ಳಲು ಹೇಳುತ್ತೀಯ.

ಬಿಳಿ ಡಬ್ಬಿ ಮುಗಿಯಿತು. ನಿನ್ನ ಪತ್ರ ಬರುವುದಕ್ಕೆ ಮೊದಲೇ, ಮಾರ್ಚ್ ಕೊನೆಯ ವಾರ, ಎರಡು ಬಸ್ಸು ಬದಲಿಸಿ ಆ ಸಾಕುಪ್ರಾಣಿಗಳ ಅಂಗಡಿಗೆ ಹೋಗಿಬಂದೆ. ಒಂದು ಗೋಡೆಯ ತುಂಬ ಡಬ್ಬಿಗಳು. ಹಲ್ಲಿಗೆ ಬೇರೆ, ಆಮೆಗೆ ಬೇರೆ, ಹಾವಿಗೆ ಬೇರೆ. ನಮ್ಮ ಕಾಲದಲ್ಲಿ ಮನುಷ್ಯರಿಗೂ ಇಷ್ಟು ಬಗೆ ಇರಲಿಲ್ಲ. ಅಂಗಡಿಯವನು ಒಂದು ದೊಡ್ಡ ಡಬ್ಬಿ ಕೈಗೆ ಕೊಟ್ಟ.

"ಇದು ತಗೊಳ್ಳಿ ಅಜ್ಜಿ, ಎಲ್ಲಾ ಇದರಲ್ಲೇ ಇದೆ. ತುಂಬಾ ಓಡುತ್ತೆ ಇದು."

"ಓಡೋದು ನೀನೇ ಇಟ್ಕೋಪ್ಪ. ನನಗೆ ನಿಲ್ಲೋದು ಬೇಕು. ಎಲ್ಲಾ ಅಂದ್ರೆ ಏನೇನು, ಎಷ್ಟೆಷ್ಟು?"

"ಅದೆಲ್ಲ ಯಾರೂ ಕೇಳಲ್ಲ ಅಜ್ಜಿ."

"ನಾನು ಕೇಳ್ತಿದ್ದೀನಲ್ಲ."

ಡಬ್ಬಿ ತಿರುಗಿಸಿ ನೋಡಿದರೆ ತಯಾರಾದ ತಾರೀಖು ಅಳಿಸಿಹೋಗಿತ್ತು. ಅಲ್ಲೇ ಇಟ್ಟು ಬಂದೆ. ಬೇಕಾದದ್ದಕ್ಕೆ ಬೇರೆ ಏರ್ಪಾಡು ಮಾಡಿಕೊಂಡಿದ್ದೇನೆ. ಪುಡಿ ಹಿಟ್ಟಿಗಿಂತ ನುಣ್ಣಗಿದೆ. ಈ ವಿಷಯ ಇಲ್ಲಿಗೆ ಬಿಡು.

ಮೊನ್ನೆಗೆ ಅವನು ಹೋಗಿ ಒಂದು ವರ್ಷವಾಯಿತು. ನಿನಗೂ ನೆನಪಿರಬೇಕು. ಅವನ ಜೊತೆ ಲಿಫ್ಟ್ ರಿಪೇರಿ ಮಾಡುತ್ತಿದ್ದವರಲ್ಲಿ ಇಬ್ಬರು ಬಂದಿದ್ದರು. ಸ್ವಲ್ಪ ಹೊತ್ತು ಕೂತು, ನಮ್ಮ ಕಟ್ಟಡದ ಲಿಫ್ಟಿಗೆ ಎಣ್ಣೆ ಬಿಟ್ಟು ಹೋದರು.

ಅತ್ತೆ

•

ಮೇ ೪

ಅತ್ತೆಯವರಿಗೆ,

ನೆನಪಿತ್ತು. ಆ ದಿನ ರಜೆ ಕೇಳಲಿಲ್ಲ. ನೂರಾ ನಲವತ್ತು ಮೀಟರ್ ಕಲ್ಲು ಅಳೆದೆ. ಸಂಜೆ ಪಂಪಿನವರು ಏನೂ ಕೇಳದೆ ನನ್ನ ಪೆಟ್ಟಿಗೆಗಳನ್ನು ಶೆಡ್ಡಿಗೆ ಹೊತ್ತು ಹಾಕಿದರು.

ಯಾವ ಪುಡಿ ತಂದಿರಿ? ಡಬ್ಬಿಯ ಮೇಲಿನ ಚೀಟಿಯಲ್ಲಿರುವುದನ್ನು ಇದ್ದ ಹಾಗೆ ನಕಲು ಮಾಡಿ ಕಳಿಸಿ. ನಿಮ್ಮ ಮೇಲೆ ಅನುಮಾನವಿಲ್ಲ. ಕೊಂಬೆಯ ಬಗ್ಗೆ, ನಾಲಿಗೆಯ ಬಗ್ಗೆ ಕೇಳಿದ್ದೆ, ನೀವು ಬರೆಯಲಿಲ್ಲ.

ನಿಮ್ಮ ಸೊಸೆ

•

ಮೇ ೨೨

ಸೊಸೆಗೆ,

ಎಲ್ಲ ಸರಿಯಾಗಿದೆ. ಸೆಖೆ ಜಾಸ್ತಿ. ದೊರೆ ಕೆಳಗಿನ ಕೊಂಬೆಯಲ್ಲೇ ಇರುತ್ತದೆ, ತಂಪಿಗೆ ಇರಬೇಕು. ಮೂರನೇ ಮಹಡಿಯವರಿಗೆ ನೀರು ಸರಿಯಾಗಿ ಬರುತ್ತಿಲ್ಲ.

ಅತ್ತೆ

•

ಜೂನ್ ೫

ಅತ್ತೆಯವರಿಗೆ,

ನಾಲ್ಕೇ ಸಾಲು ಬರೆದಿದ್ದೀರಿ. ಚೀಟಿಯ ನಕಲು ಇಲ್ಲ. ನೀವು ಇಷ್ಟು ಚಿಕ್ಕದಾಗಿ ಬರೆಯುವವರಲ್ಲ. ಅದು ಸತ್ತಿದ್ದರೆ ಹೇಳಿಬಿಡಿ. ಒಂದು ಸಾವಿನ ಸುದ್ದಿ ತಡೆದುಕೊಂಡವಳು ಇದನ್ನೂ ತಡೆದುಕೊಳ್ಳುತ್ತೇನೆ.

ನಿಮ್ಮ ಸೊಸೆ

•

ಜೂನ್ ೨೭

ಸೊಸೆಗೆ,

ಸತ್ತಿಲ್ಲ. ಮೊದಲು ಅದನ್ನು ಓದಿಕೋ, ಆಮೇಲೆ ಮುಂದಿನದು.

ಏಪ್ರಿಲ್ ಕೊನೆಯಿಂದಲೇ ಅದು ಮೇಲೆ ಹತ್ತುವುದನ್ನು ಬಿಟ್ಟಿತ್ತು. ಮೇ ತಿಂಗಳಲ್ಲಿ ನಾಲಿಗೆ ಚಾಚಿದರೆ ಮಿಡತೆಯ ತನಕ ಹೋಗುತ್ತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಗಾದೆ ಹೇಳುತ್ತಾರಲ್ಲ, ಅದನ್ನು ಕೂತು ಕಣ್ಣಾರೆ ನೋಡಿದೆ. ಚಿಮಟದಲ್ಲಿ ಹಿಡಿದು ಬಾಯಿಯ ಬಳಿ ಕೊಟ್ಟರೆ ತಿನ್ನುತ್ತಿತ್ತು. ವಯಸ್ಸಾಗಿರಬೇಕು ಎಂದುಕೊಂಡೆ. ನಿನಗೆ ಬರೆಯಲಿಲ್ಲ. ಬರೆದರೆ, ಮುದುಕಿಯ ಕೈಯಲ್ಲಿ ಕೊಟ್ಟದ್ದೇ ತಪ್ಪಾಯಿತು ಎನ್ನುತ್ತೀಯ ಎಂದು.

ಇದೇ ತಿಂಗಳು ಹತ್ತನೇ ತಾರೀಖು ಬೆಳಗ್ಗೆ ಕೊಂಬೆಯಿಂದ ಬಿತ್ತು. ಒಂದು ಗೇಣಿನ ಎತ್ತರವೂ ಇರಲಿಲ್ಲ, ಆದರೂ ಮುಂಗಾಲು ಬಿಲ್ಲಿನಂತೆ ಬಾಗಿತು. ಹಣ್ಣಿನ ಬುಟ್ಟಿಯಲ್ಲಿ ಟವಲ್ ಹಾಸಿ, ಅದರಲ್ಲಿ ಕೂರಿಸಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಹೋದೆ. ಅದರ ಮೈಯೆಲ್ಲ ಕಪ್ಪಾಗಿತ್ತು. ಬಸ್ಸಿನಲ್ಲಿ ಪಕ್ಕದವಳು ಎದ್ದು ಬೇರೆ ಸೀಟಿಗೆ ಹೋದಳು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ಎಕ್ಸ್‌-ರೇ ತೆಗೆದು ಬೆಳಕಿಗೆ ಹಿಡಿದಳು. ಮೂಳೆ ಇರಬೇಕಾದ ಕಡೆ ಹೊಗೆ ಇದ್ದ ಹಾಗಿತ್ತು.

"ಮೂಳೆ ಮೆತ್ತಗಾಗಿದೆ ಅಜ್ಜಿ. ಯಾವ ಕ್ಯಾಲ್ಸಿಯಂ ಹಾಕ್ತಿದ್ದೀರಿ?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಂಗಡಿಯಿಂದ ಬರಿಗೈಯಲ್ಲಿ ಬಂದ ಮೇಲೆ ನಾನು ನನ್ನ ಮಂಡಿನೋವಿಗೆ ಕೊಟ್ಟ ಕ್ಯಾಲ್ಸಿಯಂ ಮಾತ್ರೆಗಳನ್ನೇ ಕಲ್ಬತ್ತಿನಲ್ಲಿ ಅರೆದು, ಬಟ್ಟೆಯಲ್ಲಿ ಸೋಸಿ, ತೂಗಿ ಹಾಕುತ್ತಿದ್ದೆ. ಮನುಷ್ಯರಿಗೆ ಆಗುವುದು ಹಲ್ಲಿಗೆ ಆಗದೇ ಎಂಬ ಧಿಮಾಕು. ಮಾತ್ರೆಯ ಪಟ್ಟಿಯನ್ನು ಮೇಜಿನ ಮೇಲಿಟ್ಟೆ. ಅವಳು ಓದಿದಳು.

"ಇದರಲ್ಲಿ ರಂಜಕ ಇದೆಯಲ್ಲ ಅಜ್ಜಿ. ಮಿಡತೆಯಲ್ಲೇ ಅದು ಬೇಕಾದಷ್ಟಿರುತ್ತೆ. ಮೇಲಿಂದ ಇದೂ ಸೇರಿದ್ರೆ ಸುಣ್ಣ ಮೂಳೆಗೆ ಹೋಗೋದೇ ಇಲ್ಲ. ಓದಿರ್ಲಿಲ್ವಾ?"

ಓದಿರಲಿಲ್ಲ. ಅಂಗಡಿಯವನ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿದವಳು ನನ್ನ ಸ್ವಂತ ಮಾತ್ರೆಯ ಹಿಂಬದಿಯನ್ನು ಒಂದು ಸಲವೂ ನೋಡಿರಲಿಲ್ಲ. ರಂಜಕ ಇರಬಾರದೆಂಬ ನಿನ್ನ ಪತ್ರ ಬಂದ ಮೇಲೂ ನೋಡಲಿಲ್ಲ. ಮೂವತ್ತೆಂಟು ವರ್ಷ ಕಾಂಪೌಂಡರ್ ಆಗಿದ್ದೆ ಎಂದು ಆ ಹುಡುಗಿಗೆ ಹೇಳಲು ಬಾಯಿ ಬರಲಿಲ್ಲ.

ಆಮೇಲೆ ಅವಳು ಇನ್ನೊಂದು ಕೇಳಿದಳು. "ಗೂಡಿನ ದೀಪ ಯಾವಾಗ ಬದಲಾಯಿಸಿದ್ದು?"

"ದೀಪ ಚೆನ್ನಾಗೇ ಉರೀತಿದೆಯಮ್ಮ."

"ಉರಿಯುತ್ತೆ ಅಜ್ಜಿ. ಆದ್ರೆ ಬಿಸಿಲಲ್ಲಿರೋ ಕಸುವು ಆರೇಳು ತಿಂಗಳಿಗೆ ಹೋಗ್ಬಿಡುತ್ತೆ. ನಮ್ಮ ಕಣ್ಣಿಗೆ ಗೊತ್ತಾಗಲ್ಲ. ಆ ಕಸುವಿಲ್ದೆ ಮೈ ಸುಣ್ಣ ಹೀರಲ್ಲ. ತಿಂಗಳಿಗೆ ಎರಡು ಸಲದ ಡಿ ಪುಡಿ ಎಲ್ಲಿ ಸಾಕಾಗುತ್ತೆ?"

ಮನೆಗೆ ಬಂದು ಸ್ಟೂಲ್ ಹತ್ತಿ ದೀಪ ಬಿಚ್ಚಿದೆ. ಬುಡದಲ್ಲಿ ಕಪ್ಪು ಮಾರ್ಕರಿನಲ್ಲಿ ಬರೆದಿದೆ: ಮಾರ್ಚ್ ೧೪. ಹೋದ ವರ್ಷದ್ದು. ಅವನ ಅಕ್ಷರ. ತೀರಿಹೋಗುವುದಕ್ಕೆ ನಾಲ್ಕು ವಾರ ಮೊದಲಿನದು.

ಇದು ನಿನಗೆ ಗೊತ್ತಿತ್ತೇ?

ಅತ್ತೆ

•

ಜುಲೈ ೧೧

ಅತ್ತೆಯವರಿಗೆ,

ಗೊತ್ತಿತ್ತು.

ಯಾವ ಬಿಡಿಭಾಗ ಹಾಕಿದರೂ ಅದರ ಮೇಲೆ ತಾರೀಖು ಬರೆಯುವುದು ಅವರ ಕೆಲಸದ ಅಭ್ಯಾಸ. ಮನೆಯಲ್ಲೂ ಬಿಡುತ್ತಿರಲಿಲ್ಲ, ನಲ್ಲಿಯ ವಾಷರಿಗೂ ಬರೆದಿದ್ದಾರೆ. ದೀಪವನ್ನು ಆರು ತಿಂಗಳಿಗೆ ತಪ್ಪದೆ ಬದಲಿಸುತ್ತಿದ್ದರು. ಸೆಪ್ಟೆಂಬರಿನಲ್ಲಿ ನಾನು ಹೊಸದು ತಂದೆ. ಏಣಿ ಹಾಕಿ ಹತ್ತಿದೆ. ಹಳೆಯದನ್ನು ಅರ್ಧ ತಿರುಗಿಸಿದಾಗ ಆ ಅಕ್ಷರ ಕಂಡಿತು. ಮತ್ತೆ ಬಿಗಿ ಮಾಡಿ ಇಳಿದೆ. ಅಕ್ಟೋಬರಿನಲ್ಲಿ ಇನ್ನೊಂದು ಸಲ ಹತ್ತಿದೆ. ಆಮೇಲೆ ಹತ್ತಲಿಲ್ಲ. ಅವರು ಹಚ್ಚಿಟ್ಟದ್ದರಲ್ಲಿ ಇನ್ನೂ ಉರಿಯುತ್ತಿದ್ದದ್ದು ಅದೊಂದೇ.

ನಿಮಗೆ ಕೊಡುವಾಗಲಾದರೂ ಹೇಳಬಹುದಿತ್ತು. ಮುಟ್ಟಬೇಡಿ ಎಂದು ಬರೆದೆ. ಹೊಸ ದೀಪ ನಿಮ್ಮಲ್ಲಿಟ್ಟು ಬಂದ ನನ್ನ ಹಸಿರು ಪೆಟ್ಟಿಗೆಯ ತಳದಲ್ಲಿದೆ, ಸ್ವೆಟರಿನಲ್ಲಿ ಸುತ್ತಿದ್ದೇನೆ.

ಮಾತ್ರೆಯದು ಮೂರು ತಿಂಗಳ ತಪ್ಪು, ಬಿಡಿ. ದೀಪದ್ದು ಅದಕ್ಕೂ ಬಹಳ ಹಿಂದಿನದು. ಅಂದರೆ ಹೆಚ್ಚಿನ ಪಾಲು ನನ್ನದೇ.

ಪಂಪಿನವರಿಗೆ ಇದನ್ನು ಹೇಳಿದೆ. ಕೇಳಿಸಿಕೊಂಡರು. ಪರವಾಗಿಲ್ಲ ಎನ್ನಲಿಲ್ಲ.

ಕಾಲು ಹೇಗಿದೆ?

ನಿಮ್ಮ ಸೊಸೆ

•

ಜುಲೈ ೩೦

ಸೊಸೆಗೆ,

ದೀಪದ ಬುಡ ಕತ್ತಲು ಎನ್ನುತ್ತಾರೆ. ನಮ್ಮ ಮನೆಯಲ್ಲಿ ದೀಪವೇ ಕತ್ತಲಾಗಿತ್ತು.

ಹೊಸದನ್ನು ಹಾಕಿದೆ. ಹಳೆಯದನ್ನು ಎಸೆದೆ. ನಾನೆಲ್ಲೋ ಅದನ್ನು ಜೋಪಾನ ಮಾಡಿದ್ದೇನೆ ಎಂದುಕೊಳ್ಳಬೇಡ, ಕಸದ ಗಾಡಿಯವನ ಕೈಗೇ ಕೊಟ್ಟೆ. ಗಾಡಿ ತಿರುವು ದಾಟುವ ತನಕ ಮೆಟ್ಟಿಲ ಮೇಲೆ ನಿಂತಿದ್ದೆ, ನಿಜ. ಅವನ ಅಕ್ಷರ ಬೇಕಿದ್ದರೆ ನನ್ನಲ್ಲಿ ಒಂದನೇ ತರಗತಿಯಿಂದ ಎಲ್ಲ ಪುಸ್ತಕವೂ ಇದೆ. ಒಂದೂ ಓದುವ ಹಾಗಿಲ್ಲ.

ತಪ್ಪಿನಲ್ಲಿ ನಿನ್ನದೆಷ್ಟು, ನನ್ನದೆಷ್ಟು ಎಂದು ತೂಗುವುದು ಬೇಡ. ಅದಕ್ಕೆ ಆಗುವ ತಕ್ಕಡಿ ನನ್ನಲ್ಲಿಲ್ಲ. ಡಾಕ್ಟರನ್ನೂ ಕೇಳಿದೆ. "ಎರಡೂ ಸೇರಿ ಆಗಿದ್ದು ಅಜ್ಜಿ, ಒಂದನ್ನೇ ಹೇಳೋಕಾಗಲ್ಲ" ಎಂದಳು.

ಅವಳು ಬರೆದುಕೊಟ್ಟ ಚೀಟಿ, ಎರಡು ಕನ್ನಡಕ ತೆಗೆದುಕೊಂಡು ಆ ಅಂಗಡಿಗೆ ಮತ್ತೆ ಹೋದೆ. ಸ್ಟೂಲ್ ಕೇಳಿ ಕೂತು ಗೋಡೆಯ ಆ ತುದಿಯಿಂದ ಈ ತುದಿಯ ತನಕ ಓದಿದೆ. ಹನ್ನೊಂದು ಬಗೆಯ ಪುಡಿ. ನಾಲ್ಕರಲ್ಲಿ ರಂಜಕ ಇತ್ತು, ಅವು ಹೋದವು. ಎರಡರಲ್ಲಿ ಏನಿದೆ ಎಂದೇ ಬರೆದಿರಲಿಲ್ಲ. ಒಂದರ ಅವಧಿ ಮುಗಿದಿತ್ತು. ಉಳಿದ ನಾಲ್ಕರಲ್ಲಿ ಮೂರನ್ನು ಆರಿಸಿದೆ. ಬರೀ ಸುಣ್ಣದ್ದು ಒಂದು, ಡಿ ಸೇರಿದ್ದು ಒಂದು, ಎಲ್ಲ ವಿಟಮಿನ್‌ಗಳದ್ದು ಒಂದು. ಅದರಲ್ಲೂ ಎ ವಿಟಮಿನ್ ಹಿತಮಿತವಾಗಿದ್ದದ್ದು. ದೊಡ್ಡ ಡಬ್ಬಿ ಬೇಡವೆಂದೆ. ಮುಚ್ಚಳ ತೆಗೆದ ಮೇಲೆ ವಿಟಮಿನ್ ಆರು ತಿಂಗಳಿಗಿಂತ ಹೆಚ್ಚು ತಾಳುವುದಿಲ್ಲ. ಅಂಗಡಿಯವನು ತಲೆ ಕೆರೆದುಕೊಂಡ.

"ಅಜ್ಜಿ, ನೀವು ಬಂದು ಎರಡು ಗಂಟೆ ಆಯ್ತು."

"ಮೊದಲನೇ ಸಲ ಹತ್ತೇ ನಿಮಿಷಕ್ಕೆ ಹೋದೆನಲ್ಲಪ್ಪ, ಅದೇ ತಪ್ಪಾಗಿದ್ದು."

ಡಾಕ್ಟರ್ ದ್ರವರೂಪದ ಕ್ಯಾಲ್ಸಿಯಂ ಕೂಡ ಕೊಟ್ಟಿದ್ದಾಳೆ. ದಿನಕ್ಕೆ ಎರಡು ಹನಿ, ತುಟಿಯ ಅಂಚಿಗೆ ಬಿಡಬೇಕು. ದೊರೆ ಬಾಯಿ ಬಿಡುವುದಿಲ್ಲ. ನಾನು ಕಾಯುತ್ತೇನೆ. ಒಂದು ದಿನ ಮುಕ್ಕಾಲು ಗಂಟೆ ಹಿಡಿಯಿತು. ನನಗೆ ಬೇರೇನು ಕೆಲಸ? ಅದು ಸಿಟ್ಟು ಬಂದರೆ ಹಳದಿ ಪಟ್ಟೆಯಾಗುತ್ತದೆ, ಹೆದರಿದರೆ ಕಪ್ಪಾಗುತ್ತದೆ, ಏನೂ ಇಲ್ಲದಿದ್ದರೆ ಹಸಿರು. ಈಗ ನನ್ನನ್ನು ಕಂಡರೆ ಹಸಿರಾಗಿಯೇ ಇರುತ್ತದೆ.

ಕಾಲು ಬಾಗಿದ್ದು ಬಾಗಿದ್ದೇ. ಆದರೆ ಮೂಳೆ ಗಟ್ಟಿಯಾಗುತ್ತಿದೆ ಎಂದಳು. ಕೊಂಬೆಗಳನ್ನು ತಗ್ಗಿಸಿ ಕಟ್ಟಿದ್ದೇನೆ.

ಊಟ ಸರಿಯಾಗಿ ಮಾಡುತ್ತೀಯಾ?

ಅತ್ತೆ

•

ಸೆಪ್ಟೆಂಬರ್ ೫

ಅತ್ತೆಯವರಿಗೆ,

ಊಟ ಮಾಡುತ್ತೇನೆ.

ಈ ಪತ್ರವನ್ನು ಎರಡು ಲಾರಿ ತಪ್ಪಿಸಿ ಬರೆಯುತ್ತಿದ್ದೇನೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಪಂಪಿನವರು ಮದುವೆಯಾಗೋಣವೇ ಎಂದು ಕೇಳಿದರು. ಆಗಲಿ ಎಂದೆ. ಕೆಲಸ ಮುಗಿದ ಮೇಲೆ ಇಬ್ಬರೂ ಇಲ್ಲಿಂದ ಕೆಳಗಿನ ಪಟ್ಟಣಕ್ಕೆ ಹೋಗುತ್ತೇವೆ. ಅಲ್ಲಿ ಅವರಿಗೆ ನೀರು ಸರಬರಾಜಿನಲ್ಲಿ ಕೆಲಸ ಸಿಕ್ಕಿದೆ.

ನಿಮ್ಮ ಒಪ್ಪಿಗೆ ಕೇಳುತ್ತಿಲ್ಲ. ಕೇಳಿದರೆ ನೀವು ಕೊಡಲೇಬೇಕಾಗುತ್ತದೆ, ಅದು ನ್ಯಾಯವಲ್ಲ. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗಬಾರದು, ಅಷ್ಟೇ.

ಇನ್ನು ಮೇಲೆ ದೊರೆಯ ಭಾರ ನಿಮಗಿರಬೇಕಾದ ಕಾರಣವಿಲ್ಲ. ಆ ಪಟ್ಟಣದಲ್ಲಿ ಚಳಿಯಿಲ್ಲ, ಧೂಳಿಲ್ಲ. ಮನೆಯನ್ನೂ ನೋಡಿಟ್ಟಿದ್ದೇವೆ. ಅಕ್ಟೋಬರ್ ಇಪ್ಪತ್ತಕ್ಕೆ ಲಾರಿಯ ಡ್ರೈವರ್ ನಿಮ್ಮ ಕಡೆ ಬರುತ್ತಾನೆ. ಗೂಡು, ದೀಪ, ಡಬ್ಬಿಗಳನ್ನು ಅವನ ಕೈಗೆ ಕೊಡಿ, ಸಾಕು. ನೀವು ಮಾತಾಡಬೇಕಾಗಿಲ್ಲ.

ಸೊಸೆ

•

ಅಕ್ಟೋಬರ್ ೨೮

ಸೊಸೆಗೆ,

ಏಳು ವಾರ ನಾನು ಬರೆಯದ್ದರಿಂದ ನೀನು ಏನೇನು ಎಣಿಸಿರುತ್ತೀಯೋ. ಎಣಿಸಿದ್ದರಲ್ಲಿ ಕೆಲವು ನಿಜ. ಸೆಪ್ಟೆಂಬರಿನಲ್ಲೇ ಒಂದು ಪತ್ರ ಬರೆದಿದ್ದೆ, ನಾಲ್ಕು ಪುಟ. ಬೆಳಗ್ಗೆ ಓದಿ ನೋಡಿ ಹರಿದು ಹಾಕಿದೆ. ಅದರಲ್ಲಿದ್ದ ಮಾತುಗಳನ್ನು ನೀನು ಓದಬೇಕಾಗಿಲ್ಲ. ನಾನು ಬರೆಯಬೇಕಾಗಿತ್ತು, ಬರೆದದ್ದಾಯಿತು.

ನಿನ್ನ ಪತ್ರಗಳಲ್ಲಿ ಪಂಪಿನವರು ಮದುವೆಯ ಸುದ್ದಿಗೂ ಮೊದಲೇ ಮೂರು ಸಲ ಬಂದುಹೋಗಿದ್ದರು. ಒಂದು ಸಲ ನಿದ್ದೆಗೆಟ್ಟರು, ಒಂದು ಸಲ ಪೆಟ್ಟಿಗೆ ಹೊತ್ತರು, ಒಂದು ಸಲ ಸುಮ್ಮನೆ ಕೇಳಿಸಿಕೊಂಡರು. ನನಗೆ ಕಣ್ಣು ಮಂಜಾಗಿರಬಹುದು, ಎಣಿಸಲು ಬರುತ್ತದೆ. ಪರವಾಗಿಲ್ಲ ಎನ್ನದ ಮನುಷ್ಯ ಎಂದು ಓದಿದಾಗಲೇ ಅನಿಸಿತ್ತು. ಅನಿಸಿದ್ದನ್ನು ಒಪ್ಪಿಕೊಳ್ಳಲು ಹೊತ್ತು ಹಿಡಿಯಿತು.

ಡ್ರೈವರ್ ಇಪ್ಪತ್ತನೇ ತಾರೀಖು ಬಂದಿದ್ದ. ಬಾಗಿಲಲ್ಲಿ ನಿಂತು, "ಅಜ್ಜೀ, ಒಂದು ಪ್ರಾಣಿ ತಗೊಂಡು ಬರೋಕೆ ಹೇಳಿದ್ದಾರೆ" ಎಂದ.

"ಯಾವ ಪ್ರಾಣಿ?"

"ಅದೇ, ಬಣ್ಣ ಬದಲಾಯಿಸುತ್ತಂತಲ್ಲ, ಅದು."

"ಬಣ್ಣ ಬದಲಾಯಿಸೋರು ಈ ಮನೇಲಿ ಯಾರೂ ಇಲ್ಲಪ್ಪ. ಟೀ ಕುಡಿದು ಹೋಗು."

ಟೀ ಕುಡಿದ, ಗೂಡಿನ ಮುಂದೆ ಸ್ವಲ್ಪ ಹೊತ್ತು ಕೂತ, ಬರಿಗೈಯಲ್ಲಿ ಹೋದ. ಆಗಲೇ ನಿನಗೆ ಹೇಳಿರುತ್ತಾನೆ. ಮೊಂಡು ಮುದುಕಿ ಎಂದು ನೀನು ಅಂದುಕೊಂಡಿರುತ್ತೀಯ. ಆದರೆ ಯೋಚನೆ ಮಾಡಿ ನೋಡು. ಈಗಷ್ಟೇ ಗಟ್ಟಿಯಾಗುತ್ತಿರುವ ಮೂಳೆ, ಎರಡು ದಿನ ಲಾರಿಯ ಕುಲುಕಾಟ. ಎಲ್ಲಿಯಾದರೂ ಮುರಿದರೆ? ನಿನ್ನ ಮೇಲಿನ ಸಿಟ್ಟಿಗೆ ಇಟ್ಟುಕೊಂಡದ್ದಲ್ಲ. ಸಿಟ್ಟಿದ್ದರೆ ಕೊಟ್ಟು ಕಳಿಸುತ್ತಿದ್ದೆ.

ಭಾರ ಎಂದು ಬರೆದಿದ್ದೀಯ. ಮೊನ್ನೆ ತೂಗಿದೆ, ನೂರಾ ಮೂವತ್ತೆರಡು ಗ್ರಾಂ ಇದೆ. ಹೊರಬಲ್ಲೆ.

ಅದನ್ನು ನೋಡಬೇಕೆಂದರೆ ಬಾ. ಕೆಲಸ ಮುಗಿದ ಮೇಲೆ ನೇರ ಆ ಪಟ್ಟಣಕ್ಕೆ ಹೋಗದೆ ಮೊದಲು ಇಲ್ಲಿಗೆ ಬಾ. ಅವರನ್ನೂ ಕರೆದುಕೊಂಡು ಬಾ. ಅವರಿಗೆ ಏನು ಮಾತಾಡುವುದೆಂದು ತೋಚದಿದ್ದರೆ ನಮ್ಮ ಕಟ್ಟಡದ ನೀರಿನ ಪಂಪು ಮೇ ತಿಂಗಳಿಂದ ಕೆಟ್ಟಿದೆ, ಅದನ್ನು ನೋಡಲಿ. ನನಗೆ ತೋಚದಿದ್ದರೆ ನಾನು ಮಿಡತೆಗೆ ಪುಡಿ ಹಾಕುತ್ತಾ ಕೂರುತ್ತೇನೆ.

ಎರಡು ರಾತ್ರಿಯಾದರೂ ಉಳಿಯಬೇಕು. ಒಳಗಿನ ಕೋಣೆ ಖಾಲಿ ಮಾಡಿಸಿದ್ದೇನೆ. ಮಂಚ ಮಾತ್ರ ಗಿಡ್ಡ, ಐದೂವರೆ ಅಡಿ. ಬಡಗಿಯನ್ನು ಕೇಳಿದೆ, ಉದ್ದ ಮಾಡಬಹುದಂತೆ. ಎಷ್ಟು ಮಾಡಲಿ ಎಂದು ಕೇಳಿದ. ನನಗೇನು ಗೊತ್ತು? ಅವರ ಎತ್ತರ ಎಷ್ಟೆಂದು ಬರೆ.

ಅತ್ತೆ